ದಾಟಿಸಿ ಬಿಡು

ಭಟ್ಕಳದ ಆ ಬಾಡಿಗೆ ಮನೆಯನ್ನು ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಅಡುಗೆಮನೆಯ ನೆಲದ ಮೇಲಿನ ಒಂದು ಚೌಕ ಬಿಸಿಲು. ಹಂಚುಗಳ ನಡುವೆ ಕೂರಿಸಿದ್ದ ಒಂದು ಗಾಜಿನಿಂದ ಅದು ಇಳಿಯುತ್ತಿತ್ತು. ಬೆಳಿಗ್ಗೆ ಒಲೆಯ ಪಕ್ಕ ಇರುತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ನೀರಿನ ಹಂಡೆಯವರೆಗೆ ನಡೆದುಕೊಂಡು ಹೋಗುತ್ತಿತ್ತು. ಅದರ ಜೊತೆಗೆ ನಮ್ಮ ಬೆಕ್ಕೂ ಒಂದೊಂದೇ ಗೇಣು ಸರಿಯುತ್ತ, ನಿದ್ದೆ ಬಿಡದೆಯೇ, ಹಂಡೆಯನ್ನು ಮುಟ್ಟುತ್ತಿತ್ತು. ನಾನು ಗೋಡೆಗೆ ಒರಗಿ ಅದನ್ನು ನೋಡುತ್ತ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಬಿಸಿಲು ಬೆಕ್ಕನ್ನು ಎಳೆಯುತ್ತಿದೆಯೋ ಬೆಕ್ಕು ಬಿಸಿಲನ್ನು ಎಳೆಯುತ್ತಿದೆಯೋ ಎಂದು ಆಗ ನನಗೆ ನಿಜವಾದ ಅನುಮಾನವಿತ್ತು.

ಬೂದು ಮೈ, ಅದರ ಮೇಲೆ ಕಪ್ಪು ಪಟ್ಟೆ. ಹೆಣ್ಣುಬೆಕ್ಕು. ಹೆಸರಿಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅಪ್ಪ ಮಾತ್ರ ಅದನ್ನು ‘ಪುಕ್ಕಲಿ’ ಅನ್ನುತ್ತಿದ್ದ, ಅದೂ ಸುಳ್ಳಲ್ಲ. ತೆಂಗಿನಮರದಿಂದ ಕಾಯಿ ಬಿದ್ದರೆ ಅದು ಅಟ್ಟ ಹತ್ತುತ್ತಿತ್ತು. ತಾಮ್ರದ ಮುಚ್ಚಳ ಕೈಜಾರಿದರೆ ಅಟ್ಟ, ಬಳೆಗಾರ ಬಂದರೆ ಅಟ್ಟ, ಅಪ್ಪ ಕಚೇರಿಯಿಂದ ಬಂದು ಗಂಟಲು ಸರಿಮಾಡಿಕೊಂಡರೆ ಅಟ್ಟ. ಅಪ್ಪನ ಛತ್ರಿ ಬಿಚ್ಚಿದ ದಿನವಂತೂ ಸಂಜೆಯವರೆಗೆ ಕೆಳಗಿಳಿಯುತ್ತಿರಲಿಲ್ಲ. ಲೋಕದಲ್ಲಿ ಅದು ಅಂಜದೆ ಹತ್ತಿರ ಬರುತ್ತಿದ್ದದ್ದು ಒಂದೇ ಒಂದು ಸದ್ದಿಗೆ, ಹೆರೆಮಣೆಯ ಸದ್ದಿಗೆ. ಅವ್ವ ಮಣೆಯ ಮೇಲೆ ಕುಳಿತು, ಅದರ ಮುಂದಿನ ಕಬ್ಬಿಣದ ಹಲ್ಲಿಗೆ ಕಾಯಿಯ ಹೋಳು ಒತ್ತಿ, ಕರ್ ಕರ್ ಎಂದು ಹೆರೆಯತೊಡಗಿದಳೆಂದರೆ ಎಲ್ಲಿದ್ದರೂ ಬಂದು ಅವಳ ಮೊಣಕಾಲಿಗೆ ಮೈ ತಿಕ್ಕುತ್ತಿತ್ತು. ಅವ್ವ ಒಂದು ಚಿಟಿಕೆ ತುರಿಯನ್ನು ನೆಲಕ್ಕೆ ಹಾಕುತ್ತಿದ್ದಳು.

ನಾವು ಧಾರವಾಡದ ಕಡೆಯವರು. ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ಇನ್ನೂ ಮುಂಬಯಿ ಸರಕಾರ ಇದ್ದಾಗಲೇ ಅವನನ್ನು ಘಟ್ಟ ಇಳಿಸಿ ಕರಾವಳಿಗೆ ಹಾಕಿದ್ದರು. ನಾನು ಭಟ್ಕಳದಲ್ಲೇ ಹುಟ್ಟಿದವಳು. ಮನೆಯೊಳಗೆ ಧಾರವಾಡದ ಕನ್ನಡ, ಹೊಸ್ತಿಲು ದಾಟಿದರೆ ಈ ಕಡೆಯ ಕನ್ನಡ, ಬೇಲಿಯಾಚೆ ಕೊಂಕಣಿ, ಪಕ್ಕದ ಮನೆಯಲ್ಲಿ ನವಾಯತಿ. ಮಕ್ಕಳಿಗೆ ಅದೇನು ದೊಡ್ಡ ಮಾತಲ್ಲ. ಅಪ್ಪನಿಗೆ ಮಾತ್ರ ಇಷ್ಟು ವರ್ಷವಾದರೂ ಊರಿನ ಮಾತು ನಾಲಗೆಗೆ ಹತ್ತಿರಲಿಲ್ಲ. ನಾನು ‘ಎಂತ?’ ಅಂದರೆ ಅವನಿಗೆ ಸಿಟ್ಟು.

“ಏನು ಅನ್ನವಾ. ಎಂತ ಎಂತ ಅಂತ, ಅದೆಂಥಾ ಮಾತು!” ಎಂದು ದಿನಕ್ಕೊಮ್ಮೆ ತಿದ್ದುತ್ತಿದ್ದ. ನಾನು ಹೂಂ ಅಂದು ಹೊರಗೆ ಓಡಿದರೆ ಮುಗಿಯಿತು, ಮತ್ತೆ ಎಂತ.

ಪಕ್ಕದ ನವಾಯತ ಮುಸಲ್ಮಾನರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಯಜಮಾನಿಯನ್ನು ಅವರ ಮಕ್ಕಳ ಗೆಳತಿಯರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ನಮ್ಮ ಬೆಕ್ಕು ಹುಟ್ಟಿದ್ದು ಖಾಲಾನ ಅಟ್ಟದಲ್ಲಿ. ಗೋಡೆಯ ಮೇಲೆ ನಡೆದು ನಮ್ಮಲ್ಲಿಗೆ ಬಂದದ್ದು. ಮೀನಿಗೆ ಆಚೆ, ಕಾಯಿತುರಿಗೆ ಈಚೆ ಎಂದು ಅದು ತಾನೇ ಹಂಚಿಕೊಂಡಿತ್ತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಂದು ಗಂಡುಬೆಕ್ಕಿತ್ತು, ಮಹಾ ಕಳ್ಳ. ಒಂದು ದಿನ ಅದು ಕಾಣಲಿಲ್ಲ. ಎಲ್ಲಿ ಹೋಯಿತೆಂದು ಮೀನು ತರುವ ಹೆಂಗಸನ್ನು ಕೇಳಿದೆ.

“ಅದನ್ನ ಹೊಳೆ ದಾಟ್ಸಿ ಬಿಟ್ರು” ಅಂದಳು.

ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕಂತೆ. ಹಾಗಾಗಿ ಯಾರೂ ಬೆಕ್ಕಿನ ಮೇಲೆ ಕೈ ಎತ್ತುವುದಿಲ್ಲ. ಬೇಡವಾದ ಬೆಕ್ಕನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ದೋಣಿಯವನ ಕೈಗೆ ಕೊಡುತ್ತಾರೆ. ಅವನು ಆಚೆ ದಡಕ್ಕೆ ಒಯ್ದು ಚೀಲ ಬಿಚ್ಚುತ್ತಾನೆ. ನೀರು ದಾಟಿದ ಬೆಕ್ಕಿಗೆ ದಾರಿ ತಿಳಿಯುವುದಿಲ್ಲ, ತಿರುಗಿ ಬರುವುದಿಲ್ಲ. ಅದಕ್ಕೇ ‘ಹೊಳೆ ದಾಟಿಸಿ ಬಿಡುವುದು’ ಎಂದು ಮೆತ್ತಗೆ ಹೇಳುತ್ತಾರೆ, ಸತ್ತವರನ್ನು ತೀರಿಹೋದರು ಅನ್ನುವ ಹಾಗೆ. ನಮ್ಮ ಓಣಿಯಲ್ಲಿ ಕೂಸಿಗೂ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು.

ಐವತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ ಅಪ್ಪನಿಗೆ ಕುಮಟಾಕ್ಕೆ ಬದಲಿಯಾಯಿತು. ನನಗೆ ಆಗ ಒಂಬತ್ತು ವರ್ಷ. ಬದಲಿ ಅಂದರೆ ಏನೆಂದು ತಿಳಿಯದೆ ಮೊದಲು ಕುಣಿದೆ. ಆಮೇಲೆ ಬೆಕ್ಕಿನ ವಿಚಾರ ಬಂತು.

ಖಾಲಾ ಗೋಡೆಯಾಚೆಯಿಂದ ಹೇಳಿದಳು: “ಬೆಕ್ಕು ಮನೇದು ಬೇಟಿ, ಮನುಷ್ಯರದಲ್ಲ. ಇಲ್ಲೇ ಇರ್ಲಿ. ನಾನು ನೋಡ್ಕೊಳ್ತೆ.”

ಅಪ್ಪನೂ ಅದನ್ನೇ ಹಿಡಿದುಕೊಂಡ. “ಖರೇ ಹೇಳ್ತಾರ ಅವರು. ಛತ್ರಿ ಬಿಚ್ಚಿದರ ಅದರ ಜೀವ ಹೋಗತದ. ಬಸ್ಸು, ಹೊಳಿ, ಮತ್ತ ಬಸ್ಸು. ದಾರ್ಯಾಗ ಏನರ ಆದೀತು.”

ಈಗ ಯೋಚಿಸಿದರೆ ಇಬ್ಬರೂ ಹೇಳಿದ್ದು ಸರಿಯೇ. ಆದರೆ ನನ್ನ ಸಿಟ್ಟು ಸರಿ ತಪ್ಪು ನೋಡುವ ಸಿಟ್ಟಲ್ಲ. ಕೆಲವರು ಸಿಟ್ಟು ಬಂದರೆ ಕೂಗಾಡುತ್ತಾರೆ, ನಾನು ಬಾಯಿ ಹೊಲಿದುಕೊಳ್ಳುತ್ತೇನೆ. ಇವತ್ತಿಗೂ ಅದೇ ಚಾಳಿ. ಎರಡು ಊಟ ಬಿಟ್ಟೆ. ಮೂರನೆಯ ಊಟಕ್ಕೆ ಅವ್ವ ತಟ್ಟೆ ತಂದು ಮುಂದಿಟ್ಟಳು, ನಾನು ಗೋಡೆ ನೋಡುತ್ತ ಕುಳಿತೆ. ಅಪ್ಪ ಸ್ವಲ್ಪ ಹೊತ್ತು ಅತ್ತಿಂದಿತ್ತ ನಡೆದಾಡಿ ನನ್ನ ಮುಂದೆ ನಿಂತ.

“ಆತು. ತಗೊಂಡು ಹೋಗೋಣು. ಆದರ ನನ್ನ ತೊಡಿ ಮ್ಯಾಲೆ ಇಡಬ್ಯಾಡ್ರಿ, ಅಷ್ಟಽ.”

ನಾನು ಗೆದ್ದೆ ಅಂದುಕೊಂಡೆ. ತಟ್ಟೆಯನ್ನು ಎಳೆದುಕೊಂಡು ಉಂಡೆ.

ಸಾಮಾನು ಕಟ್ಟುವ ಆ ನಾಲ್ಕು ದಿನ ಮನೆ ಕನಸಿನಲ್ಲಿ ಕಾಣುವ ಮನೆಯಂತಾಯಿತು. ಇದ್ದ ವಸ್ತು ಇದ್ದಲ್ಲಿ ಇಲ್ಲ. ಗೋಡೆಯ ಮೇಲೆ ಪಟ ತೆಗೆದ ಜಾಗದಲ್ಲಿ ಬೆಳ್ಳನೆಯ ಚೌಕ. ಮಾತಾಡಿದರೆ ಖಾಲಿ ಕೋಣೆ ಅದೇ ಮಾತನ್ನು ತಿರುಗಿ ಆಡುತ್ತಿತ್ತು. ಬೆಕ್ಕು ಎಲ್ಲವನ್ನೂ ಮೂಸಿತು. ಟ್ರಂಕು ಮೂಸಿತು, ಹಾಸಿಗೆಯ ಸುರುಳಿ ಮೂಸಿತು, ಹಗ್ಗದ ತುದಿಯನ್ನು ಹಲ್ಲಿನಿಂದ ಮುಟ್ಟಿ ನೋಡಿತು. ಕೊನೆಗೆ ಬಿಸಿಲಿನ ಚೌಕದಲ್ಲಿ ಹೋಗಿ ಕುಳಿತು ಗಾಜನ್ನು ದಿಟ್ಟಿಸತೊಡಗಿತು. ಅದೊಂದನ್ನು ನಾವು ಕಟ್ಟಿ ಒಯ್ಯಲಾರೆವು ಎಂದು ಅದಕ್ಕೆ ಗೊತ್ತಾಗಿತ್ತೋ ಏನೋ.

ಹೊರಡುವ ಬೆಳಿಗ್ಗೆ ಅವ್ವ ಕೊನೆಯ ಬಾರಿ ಹೆರೆಮಣೆ ಹಾಕಿ ಕುಳಿತಳು. ಸದ್ದಿಗೆ ಬೆಕ್ಕು ಬಂತು. ತುರಿಗೆ ಬಾಯಿ ಹಾಕಿದಾಗ ಅದನ್ನು ಎತ್ತಿ, ಅವಳ ಹಳೆಯ ಸೀರೆ ಹಾಸಿದ್ದ ಗೋಣಿಚೀಲದೊಳಗೆ ಬಿಟ್ಟು ಬಾಯಿ ಕಟ್ಟಿದೆವು. ಚೀಲದೊಳಗಿಂದ ಒಂದು ಸಲ ಕೂಗು ಬಂತು, ಆಮೇಲೆ ಸದ್ದಿಲ್ಲ. ಖಾಲಾ ಒಂದು ಚಿಂದಿಯಲ್ಲಿ ಒಣಮೀನು ಕಟ್ಟಿ ತಂದು ಕೊಟ್ಟಳು. ಜನ್ಮದಲ್ಲಿ ಮೀನು ಮುಟ್ಟದ ಅವ್ವ ಅದನ್ನು ಎರಡೇ ಬೆರಳಲ್ಲಿ ಹಿಡಿದು ತನ್ನ ಕೈಚೀಲದ ತಳದಲ್ಲಿ ಇಟ್ಟುಕೊಂಡಳು. ಇಬ್ಬರೂ ಹೆಂಗಸರು ಅತ್ತರು, ಒಬ್ಬರ ಭಾಷೆ ಒಬ್ಬರಿಗೆ ಅರ್ಧ ಮಾತ್ರ ಬರುತ್ತಿದ್ದರೂ.

ನಮ್ಮ ಸಂಸಾರವೆಲ್ಲ ಬಸ್ಸಿನ ತಲೆಯ ಮೇಲೆ ಏರಿತು. ಚೀಲ ನನ್ನ ತೊಡೆಯ ಮೇಲೆ. ಗೋಣಿಯ ಒರಟು ಹೆಣಿಗೆಯ ಮೂಲಕ ಬೆಕ್ಕಿನ ಎದೆ ಡವಗುಟ್ಟುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಕಿಟಕಿಯಾಚೆ ಗದ್ದೆ, ಗೇರುಗುಡ್ಡ, ಮಧ್ಯೆ ಮಧ್ಯೆ ಸಮುದ್ರದ ಒಂದು ಬಿಳಿ ಗೆರೆ. ಸೆಕೆಗೆ ಎಲ್ಲರೂ ತೂಕಡಿಸುತ್ತಿದ್ದರು. ನಾನು ಮಾತ್ರ ಬಗ್ಗಿ ಚೀಲಕ್ಕೆ ಹೇಳುತ್ತಿದ್ದೆ, ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸು ಕಾಸರಕೋಡದ ದಡದಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಲಾಂಚಿನಲ್ಲಿ ಜನ, ದೋಣಿಯಲ್ಲಿ ಸಾಮಾನು, ಆಚೆ ದಡದ ಹೊನ್ನಾವರದಲ್ಲಿ ಕುಮಟಾಕ್ಕೆ ಹೋಗುವ ಬೇರೆ ಬಸ್ಸು. ಅಷ್ಟು ಅಗಲದ ಹೊಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಎದುರು ದಡ ಬಿಸಿಲಿನಲ್ಲಿ ನಡುಗುತ್ತಿತ್ತು. ಹೊನ್ನಾವರ ನಿಜವಾಗಿ ಇದೆಯೋ ಅಥವಾ ಲಾಂಚು ಅಲ್ಲಿಗೆ ಹೋದ ಮೇಲೆ ಆಗುತ್ತದೋ ಎಂದು ಅನಿಸುವ ಹಾಗಿತ್ತು.

ಲಾಂಚಿನ ಎಂಜಿನ್ನು ಶುರುವಾದದ್ದೇ ತಡ, ಚೀಲಕ್ಕೆ ಜೀವ ಬಂತು. ಬೆಕ್ಕು ಅರಚಿತು, ಉರುಳಿತು, ಗೋಣಿಯನ್ನು ಹರಿದು ಉಗುರು ಹೊರಗೆ ಬಂದು ನನ್ನ ಮೊಣಕೈ ಗೀರಿತು. ಪಕ್ಕದಲ್ಲಿದ್ದ ಕರಿಟೊಪ್ಪಿಗೆಯ ಮುದುಕರೊಬ್ಬರು ಎದ್ದು ನಿಂತು, ಇದನ್ನು ಇಳಿಸದಿದ್ದರೆ ತಾವೇ ಇಳಿಯುವುದಾಗಿ ಹೇಳಿದರು. ಅವ್ವ ಆಗಲೇ ಒಳಗೆ ಹೆಂಗಸರ ನಡುವೆ ಸಿಕ್ಕಿಕೊಂಡಿದ್ದಳು. ಅಪ್ಪ ನನ್ನ ಕೈಯಿಂದ ಚೀಲ ತೆಗೆದುಕೊಂಡ. ಹಲಗೆಯ ಮೇಲಿಂದ ಇಳಿದು, ಪಕ್ಕದಲ್ಲಿ ನಮ್ಮ ಸಾಮಾನು ಹೇರುತ್ತಿದ್ದ ದೋಣಿಯವನ ಹತ್ತಿರ ಹೋದ. ತಲೆಗೆ ಕೆಂಪು ಬಟ್ಟೆ ಸುತ್ತಿದ್ದ, ಬಿಳಿ ಮೀಸೆಯ ದೋಣಿಯವ. ಅಪ್ಪ ಚೀಲವನ್ನು ಅವನ ಕೈಗೆ ಕೊಟ್ಟು ಹೇಳಿದ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದೆ.

“ಈ ಬೆಕ್ಕನ್ನ ಹೊಳಿ ದಾಟಿಸಿ ಬಿಡಪಾ.”

ದೋಣಿಯವ ಚೀಲವನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, “ಆತು ಒಡೆಯಾ” ಅಂದ.

ನನಗೆ ಕಾಲಕೆಳಗೆ ಲಾಂಚು ಒಮ್ಮೆಲೇ ಆಳಕ್ಕೆ ಹೋದಂತಾಯಿತು. ಓಹೋ, ಇದಕ್ಕೇ ಅಪ್ಪ ಒಪ್ಪಿಕೊಂಡದ್ದು! ಖಾಲಾನ ಹತ್ತಿರ ಬಿಟ್ಟಿದ್ದರೆ ಸುಖವಾಗಿ ಇರುತ್ತಿತ್ತು. ನನ್ನನ್ನು ಉಣ್ಣಿಸುವುದಕ್ಕೆ ಹೂಂ ಅಂದು, ಈಗ ನೀರಿನ ಹತ್ತಿರ ತಂದು ಊರವರು ಮಾಡುವ ಹಾಗೆಯೇ ಮಾಡುತ್ತಿದ್ದಾನೆ. ಅಪ್ಪ ತಿರುಗಿ ಬಂದು, ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡು, ನನ್ನ ಪಕ್ಕ ಕುಳಿತ. “ಆತವಾ, ಇನ್ನ ಚಿಂತಿಲ್ಲ” ಅಂದ.

ನಾನು ಆಗ ಒಂದು ಮಾತು ಕೇಳಬಹುದಿತ್ತು. ‘ಬಿಟ್ಟುಬಿಡಲಿಕ್ಕೆ ಹೇಳಿದೆಯಾ ಅಪ್ಪಾ?’ ಅಷ್ಟೇ. ದೋಣಿ ಇನ್ನೂ ದಡದಲ್ಲೇ ಇತ್ತು. ಕೇಳಲಿಲ್ಲ. ಬಾಯಿ ಹೊಲಿದುಕೊಂಡೆ. ನೋಡೋಣ, ಎಲ್ಲಿಯವರೆಗೆ ಸುಳ್ಳು ಹೇಳುತ್ತಾನೋ ನೋಡೋಣ ಎಂದು ಹಲ್ಲು ಕಚ್ಚಿ ಕುಳಿತೆ. ಆ ಹೊತ್ತಿನಲ್ಲಿ ನನಗೆ ಬೆಕ್ಕು ಉಳಿಯುವುದಕ್ಕಿಂತ ಅಪ್ಪ ಸುಳ್ಳುಗಾರನೆಂದು ತೋರಿಸುವುದೇ ಹೆಚ್ಚು ಬೇಕಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹೊನ್ನಾವರದ ದಡದಲ್ಲಿ ಕಾದೆವು. ದೋಣಿ ಬಂತು. ಟ್ರಂಕು ಬಂತು, ಹಾಸಿಗೆ ಬಂತು, ಒರಳುಕಲ್ಲು ಬಂತು. ಎಲ್ಲ ಇಳಿದ ಮೇಲೆ ದೋಣಿಯವ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ಅವ್ವನ ಸೀರೆಯನ್ನೂ ಮಡಿಸಿ ಅದರ ಮೇಲಿಟ್ಟು, ಎರಡೂ ಕೈಯಲ್ಲಿ ಅಪ್ಪನಿಗೆ ಒಪ್ಪಿಸಿದ.

“ಆತು ಒಡೆಯಾ. ದಾಟ್ಸಿ ಬಿಟ್ಟೆ. ಬರೂವಾಗ ಆ ಮೀನು ಒಣಗ್ಸೋ ಜಾಗದಲ್ಲಿ ಬಿಟ್ಟಿದ್ದೆ, ಹೊಟ್ಟೆಗೆ ಎಂತ ಕಮ್ಮಿ ಇಲ್ಲ.”

ಅಪ್ಪ ಚೀಲವನ್ನು ಬಿಚ್ಚಿ ಒಳಗೆ ನೋಡಿದ. ತಲೆಕೆಳಗು ಮಾಡಿ ಕೊಡವಿದ. ಆಮೇಲೆ ಕೂಗಾಡಿದ. ಅಪ್ಪ ಹಾಗೆ ಕೂಗಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ದೋಣಿಯವ, ಇಷ್ಟು ಒಪ್ಪವಾಗಿ ಕೆಲಸ ಮಾಡಿಕೊಟ್ಟಿದ್ದಕ್ಕೆ ಈ ಘಟ್ಟದ ಮೇಲಿನ ಮನುಷ್ಯ ಯಾಕೆ ಬಯ್ಯುತ್ತಾನೆಂದು ತಿಳಿಯದೆ, ಕೆಂಪು ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಅಪ್ಪ ಮರಳಿನ ಮೇಲೆ ಓಡಿಹೋಗಿ, ಮಗುಚಿ ಹಾಕಿದ ದೋಣಿಗಳ ಸಂದಿಯಲ್ಲೆಲ್ಲ ಹುಡುಕಿದ. ಬಸ್ಸು ಹಾರ್ನು ಹೊಡೆಯತೊಡಗಿತು. ನಮ್ಮ ಸಾಮಾನು ಅದರ ತಲೆಯ ಮೇಲಿತ್ತು. ಅವ್ವ ಎರಡು ಸಲ ಕರೆದಳು.

ನಾನು ಎಲ್ಲವನ್ನೂ ನೋಡುತ್ತ ನಿಂತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಅಪ್ಪಾ, ಅಂದುಕೊಂಡೆ. ಎಷ್ಟು ಚೆನ್ನಾಗಿ ನಾಟಕ ಮಾಡುತ್ತೀ.

ಕುಮಟಾದ ಮನೆ ಊರ ಅಂಚಿನಲ್ಲಿ, ಹೊಳನಗದ್ದೆಗೆ ಹೋಗುವ ದಾರಿಯಲ್ಲಿತ್ತು. ಮುಂದೆ ಕೊಯ್ಲಾಗಿ ಒಣಗಿದ ಗದ್ದೆ ಬಯಲು, ಅದರಾಚೆ ತೆಂಗಿನ ಸಾಲು, ಅದರಾಚೆ ಕಾಣದ ಸಮುದ್ರದ ಸದ್ದು. ಅಡುಗೆಮನೆಯ ಹಂಚಿನಲ್ಲಿ ಇಲ್ಲೂ ಒಂದು ಗಾಜಿತ್ತು. ಬಿಸಿಲಿನ ಚೌಕ ಇಲ್ಲೂ ನೆಲದ ಮೇಲೆ ಬೀಳುತ್ತಿತ್ತು, ಆದರೆ ಒಂಟಿಯಾಗಿ ನಡೆಯುತ್ತಿತ್ತು. ಅವ್ವ ಹೆರೆಮಣೆ ಹಾಕಿ ಕುಳಿತಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಅಪ್ಪನೊಡನೆ ನಾನು ಮಾತು ಬಿಟ್ಟಿದ್ದೆ. ಬೆಕ್ಕು ಹೋದ ದುಃಖ ಎಂದು ಅವನು ತಿಳಿದುಕೊಂಡಿದ್ದ.

ನಾಲ್ಕನೆಯ ದಿನವೋ ಐದನೆಯ ದಿನವೋ ಕಚೇರಿಯ ಸಿಪಾಯಿ ಬಂದಿದ್ದ, ಬಟ್ಟೆ ಒಣಗಿಸುವ ಹಗ್ಗ ಕಟ್ಟಿಕೊಡಲು. ಕುಮಟಾದವನೇ. ಅಪ್ಪ ಜಗಲಿಯಲ್ಲಿ ಕುಳಿತು ತನ್ನ ಕಷ್ಟ ಹೇಳಿಕೊಂಡ. ನಾನು ಬಾಗಿಲ ಹಿಂದೆ ಇದ್ದೆ.

“ನಾ ಅವಗ ಸರಳ ಹೇಳೀನಿ. ಬೆಕ್ಕನ್ನ ಹೊಳಿ ದಾಟಿಸಿ ಬಿಡಪಾ ಅಂತ. ಅವಾ ನೋಡಿದರ ದಂಡಿಗೆ ಬಿಟ್ಟು ಖಾಲಿ ಚೀಲ ತಂದು ಕೊಡಬೇಕ?”

ಸಿಪಾಯಿ ಹಗ್ಗ ಕೈಯಲ್ಲಿ ಹಿಡಿದವನು ಹಾಗೆಯೇ ನಿಂತುಬಿಟ್ಟ. “ಎಂತ ಅಂದ್ರಿ? ದಾಟ್ಸಿ ಬಿಡು ಅಂದ್ರ್ಯಾ? ಹಂಗಂದ್ರೆ ಅವ ಬಿಡದೆ ಎಂತ ಮಾಡ್ತ ರಾಯರೇ? ಬೇಡಾದ ಬೆಕ್ಕಿಗೆ ನಮ್ಮಲ್ಲಿ ಹೇಳೂದೇ ಹಾಂಗೆ!” ಅಂದು ಗಟ್ಟಿಯಾಗಿ ನಕ್ಕ.

ಅಪ್ಪ ನಗಲಿಲ್ಲ. ಸಿಪಾಯಿ ಹೋದ ಮೇಲೂ ಜಗಲಿಯಲ್ಲೇ ಕುಳಿತಿದ್ದ. ತನ್ನಷ್ಟಕ್ಕೆ ತಾನೇ ಮೆಲ್ಲಗೆ ಹೇಳಿ ನೋಡುತ್ತಿದ್ದ: “ದಾಟಿಸಿಬಿಡು. ದಾಟಿಸಿ, ಬಿಡು.” ಒಮ್ಮೆ ಕೂಡಿಸಿ, ಒಮ್ಮೆ ಬಿಡಿಸಿ. ಆಮೇಲೆ ಒಳಗೆ ಬಂದು ಅವ್ವನಿಗೆ ಹೇಳಿದ: “ಉಂಡು ಬಿಡು, ಬರದು ಬಿಡು, ಮಲಗಿ ಬಿಡು ಅಂತ ದಿನಕ್ಕ ನೂರು ಸಲ ಅಂತೀನಿ. ಆ ಒಂದು ಮಾತಿನ್ಯಾಗ ಹಿಂಗೂ ಇರತದ ಅಂತ ನನಗ ಹೆಂಗ ಗೊತ್ತಾಗಬೇಕು? ಹೇಳವರು ಯಾರಿದ್ದರು?”

ಹೇಳುವವಳು ಇದ್ದಳು. ಬಾಗಿಲ ಹಿಂದೆ ನಿಂತಿದ್ದಳು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ದಡದಲ್ಲಿ ಎರಡೂ ಕನ್ನಡ ಬಲ್ಲವಳು ನಾನೊಬ್ಬಳೇ ಇದ್ದೆ, ನಾನೊಬ್ಬಳೇ ಬಾಯಿ ಮುಚ್ಚಿಕೊಂಡಿದ್ದೆ. ಅಲ್ಲೇ ನೆಲದ ಮೇಲೆ ಕುಳಿತೆ.

ಆ ಭಾನುವಾರ ಅಪ್ಪ ಒಬ್ಬನೇ ಹೊನ್ನಾವರಕ್ಕೆ ಹೋದ. ಸಂಜೆ ಮುಖವೆಲ್ಲ ಬಿಸಿಲಿಗೆ ಕೆಂಪಾಗಿ ಬರಿಗೈಯಲ್ಲಿ ಬಂದ. ಕರೆದೂ ಕರೆದೂ ಗಂಟಲು ಕಟ್ಟಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಬಂದು ಹೆರೆಮಣೆ ಎತ್ತಿ ಹಾಸುಬಟ್ಟೆಯಲ್ಲಿ ಕಟ್ಟತೊಡಗಿದ.

ಅವ್ವ ಬಾಯಿಗೆ ಸೆರಗು ಹಿಡಿದಳು. “ಅಯ್ಯ, ಗಂಡಸರು ಹೊಳಿದಂಡಿ ಮ್ಯಾಲೆ ಕಾಯಿ ಹೆರಕೋತ ಕೂಡ್ತೀರೇನು?”

“ನಾ ಕರದರ ಅದು ಬರೂದಿಲ್ಲ. ನನ್ನ ಧ್ವನಿಗೆ ಅಂಜತದ. ಈ ಸಪ್ಪಳಕ್ಕರ ಬರ್ತದೇನೋ ನೋಡೋಣು,” ಅಂದು ನನ್ನ ಕಡೆ ತಿರುಗಿದ. “ಬರ್ತಿಯೇನವಾ?”

ಮಾತು ಬಿಟ್ಟಿದ್ದ ನಾನು ಹೋಗಿ ಚಪ್ಪಲಿ ಹಾಕಿಕೊಂಡೆ.

ಮೀನು ಒಣಗಿಸುವ ಮರಳ ದಂಡೆ ಆ ಬೆಳಿಗ್ಗೆ ಬೆಳ್ಳಗೆ ಹೊಳೆಯುತ್ತಿತ್ತು. ಮಗುಚಿದ ದೋಣಿಗಳು ಸಾಲಾಗಿ ಮಲಗಿದ್ದವು. ಅಪ್ಪ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಧೋತರ ಎತ್ತಿ ಕಟ್ಟಿ, ಕರಿಟೊಪ್ಪಿಗೆ ಹಾಗೆಯೇ ಇಟ್ಟುಕೊಂಡು ಮಣೆಯ ಮೇಲೆ ಕುಳಿತ. ಮೀನು ತಿರುವಿ ಹಾಕುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. “ಎಂತ ಅಡುಗೆ ರಾಯರೇ ಇವತ್ತು?” ಎಂದು ಒಬ್ಬಳು ಕೇಳಿದಳು, ಉಳಿದವರು ಬಿದ್ದು ಬಿದ್ದು ನಕ್ಕರು. ಅಪ್ಪ ತಲೆ ಎತ್ತಲಿಲ್ಲ. ಹುಟ್ಟಿದಾಗಿನಿಂದ ಕಾಯಿ ಹೆರೆದವನಲ್ಲ. ಹೋಳು ಜಾರುತ್ತಿತ್ತು, ತುರಿಗಿಂತ ಚೂರೇ ಹೆಚ್ಚು ಬೀಳುತ್ತಿತ್ತು. ಆದರೆ ಸದ್ದು ಮಾತ್ರ ಅದೇ, ಕರ್ ಕರ್.

ಮೊದಲು ಬಂದದ್ದು ಬಾಲ ತುಂಡಾದ ಒಂದು ಕೆಂಚು ಬೆಕ್ಕು. ನಮ್ಮದಲ್ಲ. ಅದರ ಹಿಂದೆ ಒಂದು ಬಿಳಿಯದು. ಆಮೇಲೆ ದೋಣಿಯ ಅಡಿಯಿಂದ ಎರಡು, ಬಲೆಯ ರಾಶಿಯ ಹಿಂದಿನಿಂದ ಒಂದು, ಕಲ್ಲಿನ ಸಂದಿಯಿಂದ ಕಿವಿ ಹರಿದ ಮುದಿಬೆಕ್ಕೊಂದು. ಮೀನಿನ ರಾಶಿಯ ನಡುವೆ ಇದ್ದ ಬೆಕ್ಕುಗಳು ಮೀನನ್ನು ಬಿಟ್ಟು ತೆಂಗಿನತುರಿಗೆ ಬರುತ್ತಿದ್ದವು. ಎಂಟೋ ಹತ್ತೋ ಇದ್ದವು, ಎಣಿಸಲು ನನಗೆ ಆಗಲಿಲ್ಲ. ಮರಳ ಮೇಲೆ ಸದ್ದಿಲ್ಲದೆ ನಡೆದು ಬಂದು, ಅಪ್ಪನ ಸುತ್ತ, ಪಂಕ್ತಿಗೆ ಕುಳಿತವರಂತೆ ಕುಳಿತವು. ಹೆಂಗಸರ ನಗು ನಿಂತಿತ್ತು. ಇದೆಲ್ಲ ನಿಜವಾಗಿ ಆದದ್ದೋ, ನಾನು ಆಮೇಲೆ ಕಂಡ ಕನಸೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ಅಪ್ಪನ ಕೋಟು ನನ್ನ ಕೈಯಲ್ಲಿ ಭಾರವಾಗಿದ್ದದ್ದು ನೆನಪಿದೆ.

ಕೆಂಪು ಬಟ್ಟೆಯ ದೋಣಿಯವ ಯಾವಾಗ ಬಂದನೋ, ನಮ್ಮ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. “ಇದು ಮಂಕಿ ಬದಿದು. ಅದು ಕಾಸರಕೋಡದ್ದು. ಎಲ್ಲ ನಾನೇ ದಾಟ್ಸದ್ದು,” ಅಂದ. ಆಮೇಲೆ ಮೆಲ್ಲಗೆ, “ಮನೆ ಮಣೆ ಶಬ್ದ ಒಂದೂ ಮರೀಲಿಲ್ಲ ಕಾಣಿ,” ಅಂದ.

ನಮ್ಮದು ಬಂದಿರಲಿಲ್ಲ. ಒಂದು ಹೋಳು ಮುಗಿಯಿತು. ಎರಡನೆಯ ಹೋಳಿನ ನಡುವೆ ಅಪ್ಪನ ಬೆರಳು ಹಲ್ಲಿಗೆ ಸಿಕ್ಕಿ ರಕ್ತ ಬಂತು. ನಾನು ಅಪ್ಪಾ ಅಂದೆ. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು. ಅವನು ಬೆರಳನ್ನು ಒಮ್ಮೆ ಬಾಯಲ್ಲಿಟ್ಟುಕೊಂಡು, ಮತ್ತೆ ಹೋಳು ಹಿಡಿದು, ತುಟಿ ಅಲುಗಿಸದೆ ಹೇಳಿದ: “ನಿನ್ನ ಹಿಂದ ಅದ. ನೋಡಬ್ಯಾಡ. ನೋಡಿದರ ಅಂಜತದ.”

ನಾನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೆ. ಕರ್ ಕರ್ ಸದ್ದು, ನೀರಿನ ಸದ್ದು, ಸುತ್ತ ಬೆಕ್ಕುಗಳು ನಾಲಗೆಯಾಡಿಸುವ ಸಣ್ಣ ಸದ್ದು. ಆಮೇಲೆ ನನ್ನ ಮೀನಖಂಡಕ್ಕೆ ತುಪ್ಪಳ ತಾಗಿ ಮುಂದೆ ಹೋಯಿತು. ಕಣ್ಣು ಬಿಟ್ಟಾಗ ಪುಕ್ಕಲಿ ಅಪ್ಪನ ಮೊಣಕಾಲಿಗೆ ಮೈ ತಿಕ್ಕುತ್ತ ನಿಂತಿತ್ತು. ಅಪ್ಪ ಹಿಡಿಯಲು ಹೋಗಲಿಲ್ಲ. ಉಳಿದ ಹೋಳು ಮುಗಿಯುವವರೆಗೂ ಹೆರೆದ, ಅದು ತಿನ್ನುವವರೆಗೂ ಕಾದ. ಆಮೇಲೆ ನನ್ನ ಕೈಯಿಂದ ಕೋಟು ತೆಗೆದುಕೊಂಡು ಅದರೊಳಗೆ ಮೆಲ್ಲಗೆ ಸುತ್ತಿ ಎದೆಗೆ ಹಿಡಿದ. ಮನೆಯಿಂದ ತಂದಿದ್ದ ಗೋಣಿಚೀಲವನ್ನು ಬಿಚ್ಚಲೇ ಇಲ್ಲ. ಹೊರಡುವಾಗ ಉಳಿದ ಬೆಕ್ಕುಗಳು ಮಣೆಯನ್ನು ಕಟ್ಟುವುದನ್ನೇ ನೋಡುತ್ತಿದ್ದವು.

ಬಸ್ಸಿನಲ್ಲಿ ಬೆಕ್ಕು ಅಪ್ಪನ ತೊಡೆಯ ಮೇಲೆ, ಮೂತಿಯನ್ನು ಅವನ ಕಂಕುಳಲ್ಲಿ ಹುದುಗಿಸಿಕೊಂಡು ಮಲಗಿತ್ತು. ಹಳದೀಪುರ ಬರುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

“ಅಪ್ಪಾ, ನನಗ ಗೊತ್ತಿತ್ತು.”

“ಏನು?”

“ದಾಟಿಸಿ ಬಿಡು ಅಂದ್ರ ಏನಂತ. ನೀ ಅವಗ ಹೇಳಿದ್ದು ಕೇಳಿಸಿತ್ತು. ಬೇಕಂತ ಹೇಳಿದಿ ಅಂದುಕೊಂಡೆ.”

ಅವನು ಬಯ್ಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬೆಕ್ಕಿನ ಬೆನ್ನ ಮೇಲಿದ್ದ ಅವನ ಕೈ ನಿಂತಿತು. ತೀರ ಸಣ್ಣ ಧ್ವನಿಯಲ್ಲಿ ಕೇಳಿದ:

“ನಾ ಅಂಥಾಂವ ಅಂತ ತಿಳಿದಿದ್ದೇನವಾ ನೀ?”

ಅಲ್ಲ ಅನ್ನುವ ಬದಲು ನಾನು ಬೆಕ್ಕಿಗೆ ಸುತ್ತಿದ್ದ ಕೋಟಿನ ಗುಂಡಿ ತಿರುವುತ್ತ ಕುಳಿತೆ. ಅಪ್ಪ ಕಿಟಕಿಯ ಕಡೆ ತಿರುಗಿದ.

ಅವ್ವ ಬೆಕ್ಕನ್ನು ಎತ್ತಿಕೊಂಡು ಒಲೆಗೆ ಮೂರು ಸುತ್ತು ತಂದಳು. ಹಾಗೆ ಮಾಡಿದರೆ ಬೆಕ್ಕು ಮನೆ ಬಿಟ್ಟು ಹೋಗುವುದಿಲ್ಲ ಎಂದು ಯಾರೋ ಹೇಳಿಕೊಟ್ಟಿದ್ದರು. ಅದು ಅಟ್ಟ ಹತ್ತಿ ಎರಡು ದಿನ ಇಳಿಯಲಿಲ್ಲ. ಮೂರನೆಯ ದಿನ ಬಿಸಿಲಿನ ಚೌಕವನ್ನು ಕಂಡುಹಿಡಿಯಿತು. ಆದರೆ ಅಲ್ಲಿಂದಾಚೆ ಅದು ಅಪ್ಪನ ಬೆಕ್ಕಾಯಿತು. ಅವನು ಗಂಟಲು ಸರಿಮಾಡಿಕೊಂಡರೆ ಅಟ್ಟದಿಂದ ಇಳಿದು ಬರುತ್ತಿತ್ತು. ಛತ್ರಿಗೆ ಮಾತ್ರ ಕೊನೆಯವರೆಗೂ ಅಂಜಿತು.

ಇನ್ನೊಂದು ಬದಲಾವಣೆಯಾಯಿತು, ಅದು ನನಗೊಬ್ಬಳಿಗೇ ಕೇಳಿಸುತ್ತಿತ್ತು. ಅಪ್ಪ ಮಾತಿನ ಕೊನೆಗೆ ‘ಬಿಡು’ ಅನ್ನುವುದನ್ನು ನಿಲ್ಲಿಸಿದ. ಉಂಡು ಬಿಡು ಅನ್ನಲು ಹೋಗಿ, ಒಂದು ಕ್ಷಣ ತಡೆದು, ಉಣ್ಣು ಅನ್ನುತ್ತಿದ್ದ. ಕೊಟ್ಟು ಬಿಡು ಅನ್ನುವಲ್ಲಿ ಕೊಡು. ಆ ಒಂದು ಕ್ಷಣದ ತಡೆ ಪ್ರತಿಸಲವೂ ನನ್ನನ್ನು ಚುಚ್ಚುತ್ತಿತ್ತು. ಹೇಳಬೇಕಾದ ಉತ್ತರ ನಾಳೆ ನಾಳೆ ಎಂದು ಹತ್ತು ವರ್ಷ ಮುಂದಕ್ಕೆ ಹೋಯಿತು. ಬಾಯಿ ಹೊಲಿದುಕೊಳ್ಳುವುದು ಸುಲಭ, ಬಿಚ್ಚುವುದೇ ಕಷ್ಟ.

ಅರವತ್ತರ ದಶಕದ ಕೊನೆಯಲ್ಲಿ ನಾನು ಮಾಸ್ತರಿಕೆಯ ತರಬೇತಿ ಮುಗಿಸಿದೆ. ತದಡಿಯಾಚೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಘನಾಶಿನಿ ಹೊಳೆಯ ದೋಣಿ ದಾಟಬೇಕು. ಅಪ್ಪ ನನ್ನ ಟ್ರಂಕು ಹೊರಿಸಿಕೊಂಡು ದಡದವರೆಗೆ ಬಂದ. ಮನೆಯಲ್ಲಿ ಮುದಿ ಪುಕ್ಕಲಿ ಅವನ ಕುರ್ಚಿಯಲ್ಲಿ ಮಲಗಿತ್ತು, ನಾನು ಹೊರಟಾಗ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತ್ತು. ಹೊಳೆಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ತದಡಿಯ ದಡ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ.

ನಾನು ದೋಣಿಯಲ್ಲಿ ಕುಳಿತ ಮೇಲೆ ಅಪ್ಪ ನೀರಿನ ಅಂಚಿಗೆ ಬಂದು ದೋಣಿಯವನಿಗೆ ಹೇಳಿದ.

“ನನ್ನ ಮಗಳನ್ನ ದಾಟಸು. ಬಿಡಬ್ಯಾಡ.”

ದೋಣಿಯವ ಹುಡುಗ. ಅವನಿಗೆ ಅರ್ಥವಾಗಲಿಲ್ಲ. “ಎಂತ ಅಂದ್ರು ನಿಮ್ಮ ಅಪ್ಪಯ್ಯ?” ಎಂದು ಗಳ ಊರುತ್ತ ನನ್ನನ್ನು ಕೇಳಿದ. ದೋಣಿ ದಡ ಬಿಟ್ಟಿತು. ಅಪ್ಪ ಛತ್ರಿಯನ್ನು ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಮಂಜು ಅವನ ಕಾಲನ್ನು ತೆಗೆದುಕೊಂಡಿತು, ಧೋತರವನ್ನು ತೆಗೆದುಕೊಂಡಿತು. ಟೊಪ್ಪಿಗೆಯೂ ಹೋಗುವ ಮೊದಲು ನಾನು ಎದ್ದು ನಿಂತೆ. ದೋಣಿ ಓಲಾಡಿತು, ಹುಡುಗ ಬಯ್ದ.

“ಅಪ್ಪಾ, ನೀ ಅಂಥಾಂವ ಅಲ್ಲ!” ಎಂದು ಕೂಗಿದೆ.

ಗಾಳಿ ಎದುರಿತ್ತು. ಅಪ್ಪ ಕಿವಿಗೆ ಕೈ ಹಚ್ಚಿದ. ನನ್ನನ್ನು ಬಾಲ್ಯವಿಡೀ ತಿದ್ದಿದವನು, ದಡದಿಂದ, ಕುಮಟಾದಲ್ಲೇ ಹುಟ್ಟಿ ಬೆಳೆದವನ ಹಾಗೆ ಕೂಗಿ ಕೇಳಿದ:

“ಎಂತ?”

ನಾನು ಇನ್ನೊಮ್ಮೆ ಹೇಳಿದೆ, ಹೊಳೆ ತುಂಬ ಕೇಳುವ ಹಾಗೆ.